ಒಂದೇ ಹೆಸರಿನ ಎರಡು ಹೋಟೆಲು

ಡೊಂಬಿವಲಿ

ವಿದೇಶಕ್ಕೆ ಹೊರಟಿದ್ದೇವೆ ಎಂದರೆ ಬೇರೆ ಊರುಗಳಲ್ಲಿ ಶುಭವಾಗಲಿ ಎನ್ನುತ್ತಾರೋ ಏನೋ. ನಮ್ಮ ಮುಂಬಯಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೋಸ ಹೋದವರ ಕಥೆ ಹೇಳುತ್ತಾರೆ. ನಾನೂ ಭಾಗೀರಥಕ್ಕನೂ ವಿಯೆಟ್ನಾಮಿಗೆ ಹೋಗುತ್ತೇವೆಂದು ಬಾಯಿಬಿಟ್ಟ ಮರುದಿನದಿಂದಲೇ ಅದು ಶುರುವಾಯಿತು. ಒಬ್ಬಳ ಮೈದುನ ಠಾಣೆ ಪಟ್ಟಣದ ಯಾವುದೋ ಟ್ರಾವೆಲ್ ಆಫೀಸಿನಲ್ಲಿ ಬ್ಯಾಂಕಾಕಿಗೆ ಬುಕಿಂಗ್ ಮಾಡಿಸಿದ್ದನಂತೆ. ಟಿಕೆಟ್ ತರಲು ಹೋದ ದಿನ ಆಫೀಸಿದ್ದ ಜಾಗದಲ್ಲಿ ಮೋಮೊ ಅಂಗಡಿ ಇತ್ತಂತೆ. ಅಷ್ಟು ದೂರ ಹೋದದ್ದಕ್ಕೆ ಒಂದು ಪ್ಲೇಟ್ ತಿಂದು ಬಂದನಂತೆ. ಇನ್ನೊಬ್ಬಳ ನಾದಿನಿ ಗೋವಾದಲ್ಲಿ ಸಮುದ್ರ ಕಾಣುವ ಕೋಣೆ ಬುಕ್ ಮಾಡಿ ಹೋದರೆ, ಸಮುದ್ರ ಇದ್ದದ್ದು ಮಂಚದ ಎದುರಿನ ಗೋಡೆಯ ಮೇಲೆ, ಪೇಂಟಿನಲ್ಲಿ. ಕೇಳಿ ಕೇಳಿ, ಹೊರಡುವ ಮೊದಲೇ ಒಂದು ಸಲ ಮೋಸ ಹೋಗಿ ಬಂದಷ್ಟು ಸುಸ್ತಾಗಿತ್ತು ನನಗೆ.

ಭಾಗೀರಥಕ್ಕ ಮತ್ತು ನಾನು ರೈಲಿನ ಗೆಳತಿಯರು. ನಾನು ಠಾಣೆಯ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಗುಮಾಸ್ತೆ. ಅವರು ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ ಹೋಗುತ್ತಾರೆ; ಅಲ್ಲಿ ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನನ್ನ ತವರು ಕಾರ್ಕಳದ ಕಡೆ, ಮನೆಮಾತು ತುಳು. ಅವರು ವಿಜಯಪುರ ಜಿಲ್ಲೆಯವರು. ಮೊದಮೊದಲು ಅವರ ಕನ್ನಡ ನನಗೂ ನನ್ನ ಕನ್ನಡ ಅವರಿಗೂ ಅರ್ಧವೇ ಅರ್ಥವಾಗುತ್ತಿತ್ತು. "ನೀ ಏನವಾ, ಪುಸ್ತಕ ತಗದು ಓದಿದಂಗ ಮಾತಾಡ್ತಿ" ಎಂದು ನಗುತ್ತಿದ್ದರು. ಡಬ್ಬಿಯಲ್ಲಿ ಬೆಳಗಿನ ಭಜನೆ ನಡೆಸುವವರೂ ಅವರೇ. ಮರಾಠಿ ಭಜನೆಯನ್ನು ವಿಜಯಪುರದ ಗಂಟಲಿನಿಂದ ಎತ್ತಿದರೆ ಪಕ್ಕದ ಡಬ್ಬಿಯ ಗಂಡಸರು ನಡುವಿನ ಜಾಲರಿಗೆ ಕಿವಿ ಇಡುತ್ತಾರೆ. ನಾನು ಕಿಟಕಿ ಪಕ್ಕ ಕೂತು ಕೇಳುವವಳು. ಹಾಡುವವಳಲ್ಲ.

ಅವರ ಕಾರ್ಖಾನೆಯಲ್ಲಿ ಹೊಸ ಮಷಿನ್ ಕೂರಿಸಲೆಂದು ಎಲ್ಲರಿಗೂ ರಜೆ ಕೊಟ್ಟಾಗ ಒಂದು ಬೆಳಿಗ್ಗೆ ನನ್ನ ಪಕ್ಕ ಕುಳಿತು, "ರೋಹಿಣಿ, ಒಮ್ಮೆರೆ ವಿಮಾನದಾಗ ಕುಂಡ್ರಬೇಕು. ಕುಂಡ್ರೂದ ಆದ್ರ ಬ್ಯಾರೆ ದೇಶಕ್ಕ ಹೋಗೂಣು. ಬರ್ತಿ?" ಎಂದರು. ಕೋಪರ್ ಸ್ಟೇಷನ್ ದಾಟಿ ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ನಾನು ಹೂಂ ಎಂದಾಗಿತ್ತು.

ವಿಯೆಟ್ನಾಮ್ ಎಂದು ನಿರ್ಧರಿಸಿದ್ದು ನನ್ನ ಮಗಳು ಶ್ರುತಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾ ಬುಕಿಂಗ್ ಮಾಡಿಸಿದಳು. ವೀಸಾದ ಸರಕಾರಿ ಸೈಟಿನ ಹಾಗೆಯೇ ಕಾಣುವ ನಕಲಿ ಸೈಟುಗಳನ್ನು ತೋರಿಸಿ, ಬಣ್ಣ, ಬಾವುಟ, ಮೊಹರು ಎಲ್ಲ ಒಂದೇ ಥರ ಇದ್ದರೂ ವಿಳಾಸದ ಸಾಲಿನಲ್ಲಿ ಒಂದಕ್ಷರ ಹೆಚ್ಚು ಇರುವುದನ್ನು ಹುಡುಕಿಸಿದಳು. ಹೋಟೆಲನ್ನು ಮಾತ್ರ ನಾನೇ ಆರಿಸಿದೆ. ಅದರ ನಿಜವಾದ ಹೆಸರು ಇಲ್ಲಿ ಬೇಡ, 'ಕಮಲ' ಎಂದಿಟ್ಟುಕೊಳ್ಳಿ.

ಹೊರಡಲು ಇನ್ನೂ ಒಂದು ವಾರ ಇದೆ ಎನ್ನುವಾಗ ಫೋನಿಗೊಂದು ಸಂದೇಶ ಬಂತು. ಕಮಲದ ಹೆಸರು, ನನ್ನ ಹೆಸರು, ನಾವು ಹೋಗುವ ತಾರೀಕು, ಎಲ್ಲ ಸರಿಯಾಗಿತ್ತು. ನಿಮ್ಮ ಕಾರ್ಡಿನ ತಪಾಸಣೆ ಆಗಿಲ್ಲ, ಈ ಲಿಂಕ್ ಒತ್ತಿ ಮತ್ತೆ ವಿವರ ತುಂಬಿರಿ, ಇಲ್ಲವಾದರೆ ಕೋಣೆ ರದ್ದು ಎಂದಿತ್ತು. ನನ್ನ ಬೆರಳು ಲಿಂಕಿನ ಮೇಲೆಯೇ ಇತ್ತು. ಶ್ರುತಿ ಫೋನ್ ಕಿತ್ತುಕೊಂಡು, "ಮಮ್ಮಿ, ರುಕೋ. ಪೆಹೆಲೆ ಹೋಟೆಲ್ ಕೋ ಫೋನ್ ಕರೋ" ಎಂದಳು. ಸಂದೇಶದಲ್ಲಿದ್ದ ನಂಬರಿಗಲ್ಲ, ಹೋಟೆಲಿನ ಸ್ವಂತ ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಎತ್ತಿದವಳು ಲಾನ್ ಎಂಬ ಹುಡುಗಿ. ತಡೆದು ತಡೆದು ಬರುವ ಇಂಗ್ಲಿಷಿನಲ್ಲಿ, "ನಾವು ಏನೂ ಕಳಿಸಿಲ್ಲ ಮೇಡಮ್. ಯಾರೋ ನಮ್ಮ ಹೆಸರಿನಲ್ಲಿ ಕಳಿಸುತ್ತಾರೆ. ದಯವಿಟ್ಟು ಒತ್ತಬೇಡಿ. ನಿಮ್ಮ ಕೋಣೆ ಇದೆ. ಕಾರೂ ಕಳಿಸುತ್ತೇನೆ" ಎಂದಳು. ಅವಳ ದನಿ ಕೇಳಿದ ಮೇಲೆ ನನಗೆ ಹನೋಯ್‌ನಲ್ಲಿ ನಮ್ಮವರೊಬ್ಬರು ಇದ್ದಾರೆ ಅನ್ನಿಸಿತು.

ನನ್ನ ಗಂಡ ಕಲ್ಯಾಣ ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ದಿನವಿಡೀ ಜನರನ್ನು ನೋಡಿ ನೋಡಿ ಯಾರನ್ನೂ ನಂಬದ ಸ್ವಭಾವ ಬಂದಿದೆ. ಹೊರಡುವ ದಿನ ಅವರು ಹೇಳಿದ್ದು ಒಂದೇ ಮಾತು: "ಬೇರೆ ಎಂತ ಹೋದರೂ ಅಡ್ಡಿಲ್ಲ ಮಾರಾಯ್ತಿ. ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡ್ಬೇಡ."

ಹನೋಯ್ ವಿಮಾನ ನಿಲ್ದಾಣ

ವಿಮಾನದಲ್ಲಿ ಭಾಗೀರಥಕ್ಕ ಕಿಟಕಿಯ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡವರು ಇಳಿಯುವ ತನಕ ಬಿಚ್ಚಲಿಲ್ಲ. "ತಗೀರಿ ಅಕ್ಕ, ದೀಪ ಆರಿತಲ್ಲ" ಎಂದರೆ, "ಇರ್ಲಿ ಬಿಡು. ಸೊಂಟಕ್ಕ ಚೊಲೊ ಆಧಾರ ಐತಿ" ಎಂದರು. ಗಗನಸಖಿ ತಂದ ಊಟದ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಟಿಸಿದ ರೀತಿ ಚೆನ್ನಾಗಿದೆ ಎಂದು ಮೆಚ್ಚಿಕೊಂಡು, ತಿಂದದ್ದು ತಮ್ಮ ಡಬ್ಬಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಬೆಳಿಗ್ಗೆ ಇಳಿದೆವು. ತಪಾಸಣೆ ಎಲ್ಲ ಸಲೀಸಾಗಿ ಮುಗಿಯಿತು. ಫೋನಿಗೆ ಅಲ್ಲಿಯ ಸಿಮ್ ಹಾಕಿಸಿಕೊಂಡು ಹೊರಬಾಗಿಲಿಗೆ ಬಂದರೆ ಹೆಸರು ಬರೆದ ಕಾಗದ ಹಿಡಿದವರ ಸಾಲು. ಅದರಲ್ಲಿ ಬಿಳಿ ಅಂಗಿಯವನೊಬ್ಬ ಕಮಲ ಎಂದು ಬರೆದ ಹಲಗೆ ಹಿಡಿದಿದ್ದ. ಅಪರಿಚಿತ ದೇಶದಲ್ಲಿ ಪರಿಚಿತ ಅಕ್ಷರ ಕಂಡರೆ ಆಗುವ ಸಂತೋಷವೇ ಬೇರೆ. ನಾನು ಕೈ ಎತ್ತಿ ಓಡಿಹೋಗಿ, "ರೋಹಿಣಿ?" ಎಂದೆ.

"ಯೆಸ್, ಯೆಸ್, ರೋಹಿಣಿ" ಎಂದ ಅವನು, ಆಗಲೇ ನನ್ನ ಪೆಟ್ಟಿಗೆಯ ಹಿಡಿಕೆಗೆ ಕೈಹಾಕಿ.

ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ, ಎಲ್ಲಿ ತಪ್ಪಿತು ಎಂದು. ಇಲ್ಲಿ ತಪ್ಪಿತು. ನನ್ನ ಹೆಸರನ್ನು ಅವನು ಹೇಳಬೇಕಿತ್ತು, ನಾನೇ ಹೇಳಿಕೊಟ್ಟೆ. ಹೋಟೆಲುಗಳ ಹೆಸರು ಯಾರು ಬೇಕಾದರೂ ಹಲಗೆಯ ಮೇಲೆ ಬರೆದುಕೊಂಡು ನಿಲ್ಲಬಹುದು. ಬರುವವರ ಹೆಸರು ಗೊತ್ತಿರುವುದು ನಿಜವಾಗಿ ಕಳಿಸಿದವರಿಗೆ ಮಾತ್ರ. ಈ ಜ್ಞಾನ ನನಗೆ ಬಂದದ್ದು ಮಧ್ಯಾಹ್ನದ ಮೇಲೆ.

ಕಾರು ಚೆನ್ನಾಗಿತ್ತು. ಡ್ರೈವರ್ ನಗುಮುಖದವನು. ದಾರಿಯುದ್ದಕ್ಕೂ ಭತ್ತದ ಗದ್ದೆಗಳು, ಗದ್ದೆಯ ನಡುವೆಯೇ ಗೋರಿಗಳು. ಭಾಗೀರಥಕ್ಕ ಕಿಟಕಿಗೆ ಮೂಗು ಹಚ್ಚಿ, "ಸತ್ತವರ್ನೂ ಹೊಲದಾಗ ಇಟ್ಕೊಂಡ್ ದುಡಿತಾರ ನೋಡು, ಯಾರದರೆ ನೆನಪು ಆತಂದ್ರ ಅಲ್ಲೇ ಕುಂತು ಮಾತಾಡಿ ಬರಬಹುದು" ಎಂದರು. ಮನೆಗಳು ನಮ್ಮ ಡೊಂಬಿವಲಿಯ ಹಳೇ ಚಾಳು ವಠಾರದ ಒಂದು ಕೋಣೆಯ ಅಗಲ, ಆದರೆ ಐದಾರು ಮಾಳಿಗೆ ಎತ್ತರ. ಒಂದರ ಮೇಲೊಂದು ಡಬ್ಬಿ ಜೋಡಿಸಿದ ಹಾಗೆ.

ಮೊದಲನೆಯ ಕಮಲ

ಹಳೇ ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಕಾರು ನಿಂತಿತು. ಬಾಗಿಲ ಮೇಲೆ ದೊಡ್ಡದಾಗಿ ಕಮಲ ಎಂದಿತ್ತು, ಪಕ್ಕದಲ್ಲಿ ಹೂವಿನ ಚಿತ್ರವೂ ಇತ್ತು. ಒಳಗೆ ಟೈ ಕಟ್ಟಿದ ಗಂಡಸೊಬ್ಬ ಮೇಜಿನ ಹಿಂದೆ ಕೂತಿದ್ದ. ತಣ್ಣನೆಯ ನೀರು ಕೊಟ್ಟ. ಪೊಲೀಸ್ ನೋಂದಣಿಗೆ ಬೇಕೆಂದು ಪಾಸ್‌ಪೋರ್ಟ್ ಕೇಳಿದ. ಆ ದೇಶದಲ್ಲಿ ಹೋಟೆಲಿನವರು ಪಾಸ್‌ಪೋರ್ಟ್ ಕೇಳುವುದು ವಾಡಿಕೆ ಎಂದು ಓದಿದ್ದೆ. ಗಂಡನ ಮಾತು ನೆನಪಾದರೂ ಕೊಟ್ಟೆ. ಅವನು ಎರಡನ್ನೂ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ.

ಆಮೇಲೆ ಅವನ ಮುಖದಲ್ಲಿ ದುಃಖ ಕಾಣಿಸಿಕೊಂಡಿತು. ನೀವು ಬುಕ್ ಮಾಡಿದ ಕೋಣೆಯಲ್ಲಿ ನೀರು ಸೋರುತ್ತಿದೆ, ಇನ್ನೊಂದು ಕಡೆ ದೊಡ್ಡ ಕೋಣೆ ಕೊಡುತ್ತೇನೆ, ಅದಕ್ಕೆ ಸ್ವಲ್ಪ ಹೆಚ್ಚಾಗುತ್ತದೆ, ಪ್ರವಾಸದ ಬಸ್ಸನ್ನೂ ಈಗಲೇ ನನ್ನಲ್ಲೇ ಬುಕ್ ಮಾಡಿಬಿಡಿ, ನಾಳೆಗೆ ಸೀಟು ಸಿಗುವುದಿಲ್ಲ ಎಂದು ಬಣ್ಣದ ಚಿತ್ರಗಳನ್ನು ಹರಡಿದ.

ಆಗ ನನ್ನ ಫೋನಿಗೆ ವಾಟ್ಸಾಪ್ ಕರೆ ಬಂತು. ಎತ್ತಿದೆ.

"ಮೇಡಮ್ ರೋಹಿಣಿ? ನಾನು ಲಾನ್, ಕಮಲದಿಂದ. ನಮ್ಮ ಡ್ರೈವರ್ ನಿಮ್ಮ ಹೆಸರು ಹಿಡಿದುಕೊಂಡು ಏರ್‌ಪೋರ್ಟಿನಲ್ಲಿ ಇನ್ನೂ ಕಾಯುತ್ತಿದ್ದಾನೆ. ವಿಮಾನ ತಡವಾಯಿತೆ?"

ಕಿವಿಯಲ್ಲಿ ಕಮಲ, ಎದುರಿಗೆ ಕಮಲ. ದನಿ ತಗ್ಗಿಸಿ ಎಲ್ಲಿದ್ದೇನೆಂದು ಹೇಳಿದೆ. ಲಾನ್, "ಅದು ನಮ್ಮ ಹೋಟೆಲ್ ಅಲ್ಲ. ಹೆಸರು ಮಾತ್ರ ನಮ್ಮದು. ಪಾಸ್‌ಪೋರ್ಟ್ ಕೊಟ್ಟಿದ್ದೀರಾ?" ಎಂದಳು.

"ಕೊಟ್ಟಿದ್ದೇನೆ."

"ಅದು ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ. ನಾನು ಬರುತ್ತೇನೆ."

ನಾನು ಪಾಸ್‌ಪೋರ್ಟ್ ವಾಪಸು ಕೇಳಿದೆ. ಮೇಜಿನವನು ನಗುತ್ತಲೇ, ಪೊಲೀಸ್ ಕೆಲಸ ಮುಗಿಯಬೇಕು, ಸಂಜೆ ಬನ್ನಿ, ಈಗ ಕೋಣೆಗೂ ಬಸ್ಸಿಗೂ ಕೊಡಬೇಕಾದದ್ದನ್ನು ಕೊಟ್ಟುಬಿಡಿ ಎಂದ. ಎರಡನೇ ಸಲ ಕೇಳಿದಾಗ ನಗು ಹೋಯಿತು. ಮೂರನೇ ಸಲ ನನ್ನತ್ತ ನೋಡದೆ ಕಂಪ್ಯೂಟರ್ ನೋಡತೊಡಗಿದ. ಪಾಸ್‌ಪೋರ್ಟ್ ಇಲ್ಲದೆ ಪರದೇಶದಲ್ಲಿ ನಿಂತಿರುವುದು ಎಂದರೆ ಏನೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ನಮ್ಮ ಹೆಸರು, ಊರು, ವಾಪಸು ಹೋಗುವ ದಾರಿ, ಎಲ್ಲವೂ ಆ ಡ್ರಾಯರಿನೊಳಗೆ ಇತ್ತು. ನನಗೆ ಅಳು ಬಂತು.

ಭಾಗೀರಥಕ್ಕನಿಗೆ ಇಂಗ್ಲಿಷ್ ಬಾರದು. ನನ್ನ ಮುಖ ನೋಡಿ ಕೇಳಿದರು, "ಏನಾತ?"

ಹೇಳಿದೆ.

"ಅಕಿ ಬರತಾಳಂತಲ್ಲ, ಆ ಹುಡುಗಿ?"

"ಬರ್ತಾಳೆ ಅಂತ ಹೇಳಿದ್ಲು. ಇವ ಅಷ್ಟರಲ್ಲಿ ಪಾಸ್‌ಪೋರ್ಟ್ ತಕೊಂಡು ಎಲ್ಲಿಗಾದ್ರೂ ಹೋದ್ರೆ ಎಂತ ಮಾಡುದು ಅಕ್ಕ?"

"ಎಲ್ಲಿ ಹೊಕ್ಕಾನ? ಬಾಗಿಲ ಒಂದ ಐತಿ" ಎಂದವರೇ ಹೋಗಿ ಹೊಸ್ತಿಲಿನ ನಡುವೆ ಕಾಲು ಮಡಚಿ ಕೂತರು. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅದರ ಮುಚ್ಚಳವನ್ನು ಎಡಗೈಯಲ್ಲಿ ಹಿಡಿದರು, ಬಲಗೈಯಲ್ಲಿ ಚಮಚ. ನಾನು ರೊಟ್ಟಿ ತಿನ್ನುತ್ತಾರೆ ಎಂದುಕೊಂಡೆ. ಅವರು ಭಜನೆ ಎತ್ತಿದರು.

ಮುಂಬ್ರಾ ಸುರಂಗದಲ್ಲಿ ಗಾಡಿಯ ಸದ್ದನ್ನು ಮೀರಿಸಿ ಅಭ್ಯಾಸವಾದ ಗಂಟಲು ಅದು. ಆ ಪುಟ್ಟ ಹಜಾರದ ಗಾಜುಗಳು ನಡುಗಿದ ಹಾಗಾಯಿತು. ಮೇಜಿನವನು ಎದ್ದು ನಿಂತು, "ನೋ ಸಿಂಗ್, ಮೇಡಮ್. ನೋ ಸಿಂಗ್" ಎಂದ. ಭಾಗೀರಥಕ್ಕ ಅವನತ್ತ ನೋಡಿ ಕೈಮುಗಿದು ಎರಡನೆಯ ಚರಣಕ್ಕೆ ಹೋದರು. ಎದುರಿನ ಅಂಗಡಿಯ ಹೆಂಗಸು ಕತ್ತರಿಸುತ್ತಿದ್ದ ಸೊಪ್ಪನ್ನು ಬಿಟ್ಟು ಬಂದಳು. ಹಣ್ಣು ಮಾರುವವಳು ಹೆಗಲ ಮೇಲಿನ ಅಡ್ಡೆ ಇಳಿಸಿ ನಿಂತಳು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಬಿಳಿಯ ದಂಪತಿಗಳು ಆ ಹೋಟೆಲಿಗೇ ಬಂದವರು ಒಳಗೆ ಬರಲು ದಾರಿ ಇಲ್ಲದೆ ರಸ್ತೆಯಲ್ಲೇ ನಿಂತರು.

ಪಲ್ಲವಿಗೆ ಬಂದಾಗ ಭಾಗೀರಥಕ್ಕ ನಿಲ್ಲಿಸಿ ನನ್ನತ್ತ ನೋಡಿದರು. ರೈಲಿನಲ್ಲಿ ಅಲ್ಲಿ ಎಲ್ಲರೂ ಸೇರಿ ಹಾಡುತ್ತಾರೆ. ಇಲ್ಲಿ ಎಲ್ಲರೂ ಎಂದರೆ ನಾನೊಬ್ಬಳೇ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿ ಶುರುವಾಯಿತು. ಅಕ್ಕನ ಪಕ್ಕ ಕೂತ ಮೇಲೆ ಸ್ವಲ್ಪ ದೊಡ್ಡದಾಯಿತು. ಮೂರನೇ ಸಲ ಪಲ್ಲವಿ ಬರುವಷ್ಟರಲ್ಲಿ ನಾನು ಕಣ್ಣು ಒರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದೆ. ಹಣ್ಣಿನವಳೂ ತಟ್ಟುತ್ತಿದ್ದಳು.

ಅಷ್ಟರಲ್ಲಿ ಸ್ಕೂಟರೊಂದು ಗುಂಪನ್ನು ಸೀಳಿಕೊಂಡು ಬಂತು. ಇಳಿದವಳು ನನ್ನ ಹೆಗಲಿಗೆ ಬರುವಷ್ಟು ಎತ್ತರದ ಹುಡುಗಿ, ತಲೆಗೆ ಹೆಲ್ಮೆಟ್. ಅದನ್ನು ತೆಗೆಯದೆಯೇ ಭಾಗೀರಥಕ್ಕನನ್ನು ದಾಟಿ ಒಳಗೆ ಹೋಗಿ ಮೇಜಿನ ಮೇಲೆ ಎರಡೂ ಕೈ ಊರಿ ಮಾತಾಡಲು ತೊಡಗಿದಳು. ಭಾಷೆ ತಿಳಿಯಲಿಲ್ಲ. ಆದರೆ ಮೀನು ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಹೆಂಗಸರು ಹಳಸಿದ ಮೀನು ಕೊಟ್ಟವಳನ್ನು ವಿಚಾರಿಸುವ ರೀತಿ ನನಗೆ ಗೊತ್ತು. ಇದು ಅದೇ ರೀತಿ. ಅವಳು ಒಮ್ಮೆ ನಮ್ಮನ್ನು ತೋರಿಸಿದಳು, ಒಮ್ಮೆ ಬಾಗಿಲಲ್ಲಿ ಸೇರಿದ ಬೀದಿಯವರನ್ನು ತೋರಿಸಿದಳು, ಆಮೇಲೆ ಪೊಲೀಸರನ್ನು ಕರೆಯುವವಳಂತೆ ತನ್ನ ಫೋನ್ ತೆಗೆದು ಕಿವಿಗೆ ಹಿಡಿದಳು. ಬೀಗ ತೆರೆಯಿತು. ನೀಲಿ ಬಣ್ಣದ ಎರಡು ಪುಸ್ತಕಗಳು ಮೇಜಿನ ಮೇಲೆ ಬಂದವು.

ನಾನು ತೆರೆದು ಫೋಟೋ ನೋಡಿದೆ. ನನ್ನದು ನಾನೇ, ಭಾಗೀರಥಕ್ಕನದು ಅವರೇ. ಅಕ್ಕ ಮಾತ್ರ ಹಿಡಿದ ಭಜನೆಯನ್ನು ನಡುವೆ ಬಿಡಬಾರದೆಂದು ಮಂಗಳ ಹಾಡಿ ಮುಗಿಸಿಯೇ ಎದ್ದರು.

ಎರಡನೆಯ ಕಮಲ

ಲಾನ್ ಸ್ಕೂಟರಿನ ಹ್ಯಾಂಡಲ್ ಹಿಡಿದು ತಳ್ಳುತ್ತಾ ಮುಂದೆ, ಪೆಟ್ಟಿಗೆ ಎಳೆದುಕೊಂಡು ನಾವು ಹಿಂದೆ, ನಮ್ಮ ಹಿಂದೆ ಆ ಬಿಳಿಯ ದಂಪತಿಗಳು. ಅವರು ಬುಕ್ ಮಾಡಿದ್ದೂ ಲಾನಳ ಹೋಟೆಲನ್ನೇ ಎಂದು ಅಲ್ಲೇ ರಸ್ತೆಯಲ್ಲಿ ಗೊತ್ತಾಯಿತು. ಎರಡು ತಿರುವು ದಾಟಿದರೆ ನಿಜವಾದ ಕಮಲ. ಅದರ ಬೋರ್ಡು ಆ ಇನ್ನೊಂದಕ್ಕಿಂತ ಸಣ್ಣದು, ಬಣ್ಣವೂ ಮಾಸಿದ್ದು. ಎದುರಿಗೆ ಇಟ್ಟುಕೊಂಡು ನೋಡಿದ್ದರೆ ನಾನು ನಕಲಿಯನ್ನೇ ಅಸಲಿ ಎನ್ನುತ್ತಿದ್ದೆ.

ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದು ನಮ್ಮ ಕೈ ಹಿಡಿದುಕೊಂಡಳು. ಲಾನಳ ತಾಯಿ.

"ಅಮ್ಮ ದಿನಾ ತಿರುವಿನಲ್ಲಿ ನಿಂತು ಪೆಟ್ಟಿಗೆ ಎಳೆದುಕೊಂಡು ಬರುವವರನ್ನು ನೋಡುತ್ತಾಳೆ" ಎಂದಳು ಲಾನ್. "ಹೆಸರಿನ ವಿಷಯಕ್ಕೆ ಎರಡು ವರ್ಷದಿಂದ ಜಗಳ ಆಡುತ್ತಿದ್ದೇವೆ. ನಮ್ಮ ಹೆಸರು ಚೆನ್ನಾಗಿ ನಡೆಯುತ್ತದೆ ಎಂದು ಗೊತ್ತಾದ ಮೇಲೆ ಅವರು ಬೋರ್ಡು ಹಾಕಿದರು. ಮೋಸ ಹೋದವರು ಬೈದು ಬರೆಯುವುದು ಮಾತ್ರ ಇಂಟರ್ನೆಟ್ಟಿನ ನಮ್ಮ ಪುಟದಲ್ಲಿ."

ಭಾಗೀರಥಕ್ಕನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವರು ಲಾನಳ ತಾಯಿಯ ಕೈಯನ್ನು ಬಿಡದೆ, "ಇವರದ ಹೆಸರು, ಇವರಿಗೇ ಬೈಗಳ. ಇದು ನಮಗಾದ ತ್ರಾಸಕ್ಕಿಂತ ದೊಡ್ಡ ತ್ರಾಸ ಬಿಡವಾ" ಎಂದರು. ನನಗೆ ಆ ಮಾತು ತಟ್ಟಿತು. ಸಂಜೆ ಶ್ರುತಿಗೆ ಫೋನ್ ಮಾಡಿ, ಆಗಿದ್ದೆಲ್ಲವನ್ನೂ, ನಕಲಿ ಹೋಟೆಲಿನ ಬೀದಿಯ ಹೆಸರು ಸಮೇತ, ಲಾನಳ ಹೋಟೆಲಿನ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆಸಿದೆ. ಗಂಡನಿಗೆ ಮಾತ್ರ, ತಲುಪಿದೆವು, ಕೋಣೆ ಚೆನ್ನಾಗಿದೆ, ಇಷ್ಟೇ ಹೇಳಿದೆ. ಉಳಿದದ್ದನ್ನು ಊರಿಗೆ ಹೋಗಿ ಊಟ ಬಡಿಸಿ ಹೇಳುವುದೆಂದು ನಿರ್ಧರಿಸಿದ್ದೆ.

ಹಳೇ ಪೇಟೆ

ಹನೋಯ್‌ನ ಹಳೇ ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಕಸುಬು. ರೇಷ್ಮೆಯ ಬೀದಿ, ಬಿದಿರಿನ ಬೀದಿ, ಊದುಬತ್ತಿಯ ಬೀದಿ. ಕಲ್ಯಾಣದ ಪೇಟೆಯಲ್ಲಿ ಕಂಡ ಹಾಗೆಯೇ ಅಂಗಡಿಯವರು ಗಿರಾಕಿ ಇಲ್ಲದಾಗ ಪಕ್ಕದ ಅಂಗಡಿಯವರ ಜೊತೆ ಆಟ ಆಡುತ್ತಾ ಕೂತಿರುತ್ತಾರೆ. ತಗಡಿನ ಬೀದಿಗೆ ಬಂದಾಗ ಭಾಗೀರಥಕ್ಕ ನಿಂತುಬಿಟ್ಟರು. ಎಲ್ಲಿ ನೋಡಿದರೂ ಸುತ್ತಿಗೆ, ತಗಡು, ಕಿಡಿ, ಸದ್ದು. ಅವರ ಗಂಡ ಮಲ್ಲಣ್ಣ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಕ್ರೇನ್ ನಡೆಸುವವರು. "ನೋಡು, ನಮ್ಮ ಮನಿಯವ್ರ ಕಳಂಬೋಲಿ ತೊಟ್ಟಿಲದಾಗ ಇದ್ದಾಗ ಹಿಂಗ ಇದ್ದಿರಬೇಕು" ಎಂದು ನಕ್ಕರು.

ಊಟದ್ದು ನಮ್ಮಿಬ್ಬರಿಗೂ ಬೇರೆ ಬೇರೆ ಕಥೆ. ಅಲ್ಲಿ ಎಲ್ಲದಕ್ಕೂ ಮೀನಿನ ರಸ ಹಾಕುತ್ತಾರೆ. ಬೀದಿಯಲ್ಲಿ ಆ ವಾಸನೆ ಬಂದಾಗಲೆಲ್ಲ ನನಗೆ ಅಜ್ಜಿ ಮನೆಯ ಒಣಮೀನಿನ ಭರಣಿ ತೆರೆದ ಹಾಗಾಗಿ ಹಸಿವಾಗುತ್ತಿತ್ತು. ಭಾಗೀರಥಕ್ಕ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಮರುದಿನ ಬೆಳಿಗ್ಗೆ ಒಂದು ಅಂಗಡಿಯಲ್ಲಿ ಅವರು ಧೈರ್ಯವಾಗಿ, ಎರಡು ಬೆರಳೆತ್ತಿ, "ಚಾಯ್" ಎಂದರು. ಅಂಗಡಿಯವಳು ತಲೆಯಾಡಿಸಿ ಒಳಗೆ ಹೋಗಿ ಎರಡು ದೊಡ್ಡ ಬಟ್ಟಲು ತಂದಿಟ್ಟಳು: ಅಕ್ಕಿಯ ಶಾವಿಗೆ, ಅಣಬೆ, ಸೊಪ್ಪು, ಹುರಿದ ಸೋಯಾ ಪನೀರ್, ಬಿಸಿಬಿಸಿ ಸಾರು. ಲಾನಳನ್ನು ಕೇಳಿದಾಗ ತಿಳಿಯಿತು, ಅವರ ಭಾಷೆಯಲ್ಲಿ ಚಾಯ್ ಎಂದರೆ ಸಸ್ಯಾಹಾರ. ಅಂದಿನಿಂದ ಅಕ್ಕ ಹೋದಲ್ಲೆಲ್ಲ ಚಾಯ್ ಎಂದು ಕೂಗಿ ಊಟ ಮಾಡಿದರು. ಚಹಾ ಮಾತ್ರ ಅವರಿಗೆ ಕೊನೆಯವರೆಗೂ ಸಿಗಲಿಲ್ಲ.

ಮೊದಲ ದಿನದ ಪೆಟ್ಟು ನನ್ನನ್ನು ಸುಲಭಕ್ಕೆ ಬಿಟ್ಟಿರಲಿಲ್ಲ. ಯಾರು ನಕ್ಕರೂ ಅನುಮಾನ. ಕೆರೆಯ ಪಕ್ಕದ ದೊಡ್ಡ ರಸ್ತೆಯಲ್ಲಿ ಸ್ಕೂಟರುಗಳು ಹೊಳೆಯ ಹಾಗೆ ಹರಿಯುತ್ತಿದ್ದವು. ದಾಟುವುದು ಹೇಗೆಂದು ತಿಳಿಯದೆ ನಾವು ನಿಂತಿದ್ದಾಗ ಟೋಪಿ ಹಾಕಿದ ಮುದುಕರೊಬ್ಬರು ಬಂದು ತಮ್ಮ ಮೊಣಕೈ ಚಾಚಿ, ಹಿಡಿದುಕೊಳ್ಳಿ ಎಂಬಂತೆ ಸನ್ನೆ ಮಾಡಿದರು. ನಾನು ಚೀಲವನ್ನು ಎದೆಗವಚಿಕೊಂಡು ಹಿಂದೆ ಸರಿದೆ. ಭಾಗೀರಥಕ್ಕ ಹೋಗಿ ಅವರ ಮೊಣಕೈ ಹಿಡಿದರು. ಮುದುಕರು ನಿಲ್ಲದೆ, ಓಡದೆ, ಮದುವೆಯ ಮೆರವಣಿಗೆಯಲ್ಲಿ ನಡೆಯುವ ಹಾಗೆ ನಡೆದರು. ಸ್ಕೂಟರುಗಳು ಅವರ ಎಡಬಲಕ್ಕೆ ಸೀಳಿಕೊಂಡು ಹೋದವು. ಆಚೆ ದಡ ಮುಟ್ಟಿಸಿ, ಟೋಪಿ ಮುಟ್ಟಿ, ಅವರು ತಿರುಗಿ ಈಚೆಗೆ ಬಂದರು. ನನಗೋಸ್ಕರ ಮತ್ತೆ ಮೊಣಕೈ ಚಾಚಿದರು. ಈ ಸಲ ಹಿಡಿದೆ.

ಆಚೆ ಕಡೆ ಅಕ್ಕ ನನಗಾಗಿ ಕಾಯುತ್ತಿದ್ದರು. "ಒಬ್ಬಾಂವ ಮೋಸ ಮಾಡಿದಾ ಅಂತ ಊರ ಮಂದೀಗೆಲ್ಲಾ ಬೆನ್ನ ತಿರುಗಿಸಿದ್ರ ಹೆಂಗ? ಹಂಗ ಮಾಡಿದ್ದಿದ್ರ ನಾನು ಡೊಂಬಿವಲಿಯಾಗ ಒಂದ ವಾರ ಬಾಳ್ವೆ ಮಾಡ್ತಿದ್ದಿಲ್ಲ" ಎಂದರು. ನಾನು ಎದೆಗವಚಿದ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ.

ನಿನ್ ಬಿನ್

ಕೊನೆಯ ದಿನ ಹನೋಯ್‌ನಿಂದ ನಿನ್ ಬಿನ್ ಎಂಬ ಕಡೆಗೆ ಹೋದೆವು. ಬಸ್ಸನ್ನು ಲಾನ್ ಹೇಳಿದ ಕಡೆಯೇ ಬುಕ್ ಮಾಡಿದ್ದರೂ, ಗೈಡಿನ ಹೆಸರೇನು, ಬಸ್ಸಿನ ನಂಬರ್ ಏನು ಎಂದು ನಾನು ಅವಳನ್ನು ಎಷ್ಟು ಸಲ ಕೇಳಿದೆನೆಂದರೆ, ಬೆಳಿಗ್ಗೆ ಬಸ್ಸು ಬಂದಾಗ ಅವಳು ತಾನೇ ಹೊರಗೆ ಬಂದು, ಬಸ್ಸಿನ ಬದಿ ತಟ್ಟಿ, "ನಿಜವಾದ ಬಸ್ಸು, ಮೇಡಮ್" ಎಂದಳು. ಗೈಡ್ ಇಳಿದು ಬಂದ. ನಾನು ಸುಮ್ಮನೆ ನಿಂತೆ. ಅವನು ಕಾಗದ ನೋಡಿ, "ರೋಹಿಣಿ, ಭಾಗೀರಥಿ?" ಎಂದ. ನಾನು ಆಗ ಹೌದು ಎಂದೆ.

ದಾರಿಯಲ್ಲಿ ಬಸ್ಸು ಒಂದು ದೊಡ್ಡ ಕರಕುಶಲ ಅಂಗಡಿಯ ಎದುರು ನಿಂತಿತು. ಕಾಲಾಡಿಸಿ ಬನ್ನಿ ಎಂದರೂ ಶೌಚಾಲಯಕ್ಕೆ ಹೋಗುವ ದಾರಿ ಅಂಗಡಿಯ ಒಳಗಿಂದಲೇ. ಶಿರಡಿಗೆ ಹೋಗುವ ಬಸ್ಸುಗಳು ಡ್ರೈವರಿಗೆ ಪುಕ್ಕಟೆ ಊಟ ಹಾಕುವ ಢಾಬಾದಲ್ಲೇ ನಿಲ್ಲುವುದನ್ನು ಕಂಡವರಿಗೆ ಇದು ಹೊಸದಲ್ಲ. ಇದನ್ನು ಮೋಸ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅಕ್ಕ ಒಂದು ಸಣ್ಣ ಬಿದಿರಿನ ಬುಟ್ಟಿ ಕೊಂಡರು.

ನಿನ್ ಬಿನ್‌ನಲ್ಲಿ ನದಿಯೊಂದು ಭತ್ತದ ಗದ್ದೆಗಳ ನಡುವೆ ಹರಿಯುತ್ತದೆ. ಎರಡೂ ಬದಿಗೆ ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದಲೇ ಎದ್ದ ಹಾಗೆ ನೆಟ್ಟಗೆ ನಿಂತಿವೆ. ನಮ್ಮನ್ನು ಕೂರಿಸಿಕೊಂಡ ದೋಣಿ ಚಿಕ್ಕದು. ನಡೆಸುವವಳು ನನ್ನ ವಯಸ್ಸಿನವಳೇ ಇರಬೇಕು, ಶಂಕುವಿನಾಕಾರದ ಓಲೆಯ ಟೋಪಿ, ಬಿಸಿಲಿಗೆ ಕಪ್ಪಾದ ಮುಖ. ಅವಳು ಹಿಂದಕ್ಕೆ ಒರಗಿ ಕೂತು, ಎರಡೂ ಹುಟ್ಟುಗಳನ್ನು ಪಾದದಿಂದ ತಳ್ಳಿ ದೋಣಿ ನಡೆಸಿದಳು. ಸೈಕಲ್ ತುಳಿದಷ್ಟು ಸರಾಗವಾಗಿ. ಕೈಗಳು ಖಾಲಿ, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬೇಯಿಸಿದ ಶೇಂಗಾ. ಅದನ್ನು ನಮಗೂ ಕೊಟ್ಟಳು. ಅಕ್ಕ ತಮ್ಮ ಚಟ್ನಿಪುಡಿಯನ್ನು ಅವಳ ಅಂಗೈಗೆ ಹಾಕಿದರು. ಅವಳು ನೆಕ್ಕಿ, ಕಣ್ಣು ಕಿರಿದು ಮಾಡಿ, ಇನ್ನಷ್ಟು ಎಂದು ಕೈ ಚಾಚಿದಳು. ಆಮೇಲೆ ಇಬ್ಬರೂ ತಮ್ಮ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿಕೊಂಡರು. ಅವಳು ತನ್ನ ಪಾದವನ್ನೂ ತೋರಿಸಿದಳು. ಅಕ್ಕ ಬಗ್ಗಿ ಅದರ ಅಡಿಯನ್ನು ಬೆರಳಿಂದ ಒತ್ತಿ, "ಯವ್ವಾ, ಕಲ್ಲ ಆಗೈತಿ" ಎಂದರು.

ಗುಡ್ಡಗಳು ಹತ್ತಿರ ಬಂದಂತೆ ನೀರು ತಿಳಿಯಾಯಿತು. ಅಡಿಯ ಪಾಚಿ, ಅದರ ನಡುವೆ ಸರಿದಾಡುವ ಮೀನು ಎಲ್ಲ ಕಾಣುತ್ತಿತ್ತು. ಭಾಗೀರಥಕ್ಕ ಬಗ್ಗಿ ನೀರಿಗೆ ಕೈ ಇಳಿಸಿದರು. ಇದ್ದಕ್ಕಿದ್ದಂತೆ, "ಫೋನ್ ಹಚ್ಚು. ನಮ್ಮ ಮನಿಯವ್ರು ನೋಡ್ಲಿ" ಎಂದರು.

ಮಲ್ಲಣ್ಣ ವಿಡಿಯೋದಲ್ಲಿ ಬಂದರು, ತಲೆಗೆ ಹಳದಿ ಹೆಲ್ಮೆಟ್, ಹಿಂದೆ ಕಬ್ಬಿಣದ ಸರಳುಗಳ ರಾಶಿ. ಕಳಂಬೋಲಿಯಲ್ಲಿ ಆಗಿನ್ನೂ ಕೆಲಸ ಶುರುವಾಗುತ್ತಿತ್ತು.

"ಎಲ್ಲಿ ಅದೀ?"

"ನೀರಾಗ ಅದೀನಿ. ನೋಡ್ರಿಲ್ಲೆ."

ಅಕ್ಕ ಫೋನನ್ನು ಸುತ್ತ ತಿರುಗಿಸಿದರು. ಮಲ್ಲಣ್ಣ, "ಏ ಬರ್ರೋ, ನೋಡ ಬರ್ರಿ" ಎಂದು ಯಾರನ್ನೋ ಕರೆದರು. ಒಬ್ಬೊಬ್ಬರಾಗಿ ಲೋಡಿಂಗ್ ಕೆಲಸದವರು ಪರದೆಯೊಳಗೆ ಬಂದು ತುಂಬಿಕೊಂಡರು. ಕಲಬುರಗಿ, ರಾಯಚೂರು ಕಡೆಯ ಮುಖಗಳು, ಹೆಗಲ ಮೇಲೆ ಮಡಚಿದ ಗೋಣಿ. ಗುಡ್ಡ, ನೀರು, ಹಸಿರು ಗದ್ದೆ ನೋಡುತ್ತಾ ಪರದೆಗೆ ಇನ್ನಷ್ಟು ಹತ್ತಿರ ಬಂದರು. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೊಬ್ಬ ಕೇಳಿದ, "ಅಕ್ಕಾರ, ಅಲ್ಲಿ ಬರೇ ತಿರಗಾಡೂ ಮಂದೀನ ಏನ್ರಿ? ದುಡಿಯೂ ಮಂದಿ ಇಲ್ಲೇನ್ರಿ?"

"ಅದಾರಲ್ಲಪಾ. ಇಲ್ಲೆ ನೋಡು" ಎಂದು ಅಕ್ಕ ಫೋನನ್ನು ದೋಣಿಯವಳತ್ತ ತಿರುಗಿಸಿದರು.

ಅವಳಿಗೆ ಏನು ತಿಳಿಯಿತೋ. ಪರದೆಯೊಳಗೆ ಒತ್ತೊತ್ತಾಗಿ ನಿಂತವರನ್ನು ನೋಡಿ ನಕ್ಕಳು. ಪಾದಗಳಿಂದ ಹುಟ್ಟು ಹಾಕುತ್ತಲೇ ಎರಡೂ ಕೈಗಳನ್ನು ಮೇಲೆತ್ತಿ ಬೀಸಿದಳು. ಆ ಕಡೆ ಒಬ್ಬ ಕೈ ಎತ್ತಿದ, ಆಮೇಲೆ ಇನ್ನೊಬ್ಬ, ಆಮೇಲೆ ಎಲ್ಲರೂ.

ಅಷ್ಟರಲ್ಲಿ ನದಿ ಗುಡ್ಡದ ಹೊಟ್ಟೆಯೊಳಗೆ ತಿರುಗಿತು. ಗುಹೆಯ ಬಾಯಿ ತಗ್ಗು. ದೋಣಿಯವಳು ಬಗ್ಗಿ ಎಂದು ಸನ್ನೆ ಮಾಡಿದಳು. ಒಳಗೆ ಕತ್ತಲೆ, ತಂಪು, ನೀರಿನ ಸದ್ದು ಮಾತ್ರ. ನೆಟ್‌ವರ್ಕ್ ಹೋಗಿತ್ತು, ಪರದೆಯ ಮೇಲೆ ಕಳಂಬೋಲಿಯ ಆ ಕೈಗಳು ಎತ್ತಿದ ಹಾಗೆಯೇ ನಿಂತುಬಿಟ್ಟಿದ್ದವು. ಭಾಗೀರಥಕ್ಕ ಫೋನ್ ಆರಿಸಲಿಲ್ಲ. ಅದನ್ನೇ ಮುಂದಕ್ಕೆ ಚಾಚಿ ಹಿಡಿದರು. ಅದರ ಬೆಳಕಿನಲ್ಲಿ ನಮ್ಮ ತಲೆಯ ಮೇಲಿನ ಒದ್ದೆ ಬಂಡೆ ಒಂದಿಷ್ಟು ಹೊಳೆಯಿತು, ದೋಣಿ ಮುಂದಕ್ಕೆ ಹೋಯಿತು.